ಹತ್ತೊಂಬತ್ತು ಅಡಿ ಎಂಟು ಇಂಚಿನ ಗೋಲು

ನಮ್ಮ ಫುಟ್‌ಬಾಲ್ ಟೀಮಿನ ಗೋಲಿ ಹುಡುಗ, ಅಂದರೆ ಗೋಲ್‌ಕೀಪರ್, ಎಗರದೇ ಗೋಲಿನ ಮೇಲಿನ ಕಂಬಿ ಮುಟ್ಟಿಬಿಟ್ಟ. ಎಲ್ಲ ಶುರುವಾಗಿದ್ದು ಅಲ್ಲಿಂದ.

ನಾನು ಮಂಡ್ಯ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನ ಹೆಸರು ಬೇಡ. ಈ ಕತೆಯಲ್ಲಿ ಬರುವವರೆಲ್ಲ ದಿನಾ ಅಂಗಡಿ ಮುಂದೆಯೇ ಓಡಾಡುವವರು, ಕೆಲವರು ಸಾಲದ ಗಿರಾಕಿಗಳೂ ಹೌದು. ಪುರಸಭೆ ಇರುವ ಊರು. ಸುತ್ತ ಕಬ್ಬಿನ ಗದ್ದೆ, ವಾರಕ್ಕೊಮ್ಮೆ ಸಂತೆ. ಇಲ್ಲಿ ಕಬಡ್ಡಿ ಅಂದರೆ ಜನ ಸೇರುತ್ತಾರೆ, ಕ್ರಿಕೆಟ್ ಅಂದರೆ ಕೇಳೋದೇ ಬೇಡ. ಫುಟ್‌ಬಾಲ್ ಅಂದರೆ "ಅದ್ಯಾಕ್ಲಾ ಬೇಕು ನಿಮ್ಗೆ" ಅನ್ನುತ್ತಾರೆ. ಆದರೂ ಸಂತೆಮಾಳದ ಪಕ್ಕದ ಮೈದಾನದಲ್ಲಿ ಇಪ್ಪತ್ತು ವರ್ಷದಿಂದ ಒಂದು ಟೀಮು ಇದೆ. ಗ್ಯಾರೇಜ್ ಹುಡುಗರು, ಐಟಿಐ ಹುಡುಗರು, ಒಬ್ಬ ಕೋಳಿ ಅಂಗಡಿಯವನು, ಒಬ್ಬ ಪೋಸ್ಟ್‌ಮ್ಯಾನ್.

ಟೀಮಿಗೂ ನನಗೂ ನಂಟು ಬೆಳೆದಿದ್ದು ಸುಣ್ಣದಿಂದ. ಗೆರೆ ಎಳೆಯೋಕೆ ಸುಣ್ಣದ ಪುಡಿ ಕೇಳಿಕೊಂಡು ಬರುತ್ತಿದ್ದರು. ಮೊದಲು ಪೂರ್ತಿ ಕಾಸು ತಗೊಂಡೆ, ಆಮೇಲೆ ಅರ್ಧ, ಆಮೇಲೆ ನಾನೇ ಚೀಲ ಹೊತ್ತು ಮೈದಾನಕ್ಕೆ ಹೋದೆ. ನಾನು ಆಡಿದವನಲ್ಲ. ಆಫ್‌ಸೈಡ್ ಅನ್ನೋ ನಿಯಮ ಅರ್ಥವಾಗೋಕೇ ಎರಡು ವರ್ಷ ಹಿಡಿಯಿತು. ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿದೆ ಅಂತ ಹಿರಿಯರೊಬ್ಬರು ಹೇಳಿದಾಗ ನಾನೂ ಹುಡುಗರ ಹಾಗೆ ಅರಮನೆ ಇರುವ ಮೈಸೂರು ಅಂದುಕೊಂಡಿದ್ದೆ. ಅದು ರಾಜ್ಯದ ಹೆಸರು, 1973ರವರೆಗೆ ಹಾಗೇ ಇತ್ತು. ನಾಲ್ಕನೆಯದು 1968-69ರಲ್ಲಿ. ಐದನೆಯದಕ್ಕೆ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯದ ಮೇಲೆ ಕರ್ನಾಟಕ 3–2. ಆ ರಾತ್ರಿ ನಮ್ಮ ಹುಡುಗರು ಪಟಾಕಿ ಹೊಡೆದರೆ ಪಕ್ಕದ ಬೀದಿಯವರು ಬಂದು "ಯಾವ ಎಲೆಕ್ಷನ್ ಗೆದ್ರಿ?" ಅಂತ ಕೇಳಿದರು.

ಅದಾದ ಮೇಲೆ ಪುರಸಭೆಯಿಂದ ಮೈದಾನದ 'ಅಭಿವೃದ್ಧಿ' ಆಯಿತು. ರಸ್ತೆ ಕಡೆ ದೊಡ್ಡ ಕಮಾನು ಎದ್ದಿತು. ಕಂಬಗಳಿಗೆ ಗ್ರಾನೈಟ್ ಹೊದಿಕೆ. ಕಮಾನಿನಿಂದ ಒಳಗೆ ಮೂವತ್ತು ಹೆಜ್ಜೆ ಇಂಟರ್‌ಲಾಕ್ ಕಲ್ಲು. ಹದಿನೇಳು ಹೆಸರು ಕೆತ್ತಿದ ಉದ್ಘಾಟನೆ ಕಲ್ಲು. ಇಂಟರ್‌ಲಾಕ್ ಮುಗಿದ ಜಾಗದಿಂದ ಕಾಂಗ್ರೆಸ್ ಗಿಡ ಶುರು. (ಪಕ್ಷಕ್ಕೂ ಇದಕ್ಕೂ ಸಂಬಂಧ ಇಲ್ಲ, ಗಿಡದ ಹೆಸರೇ ಅದು.) ಕುಡಿಯೋ ನೀರಿನ ನಲ್ಲಿ ಇಲ್ಲ. ಶೌಚಾಲಯ ಇಲ್ಲ. ಆದರೆ ನೀಲಗಿರಿ ಗಳುವಿನ ಜಾಗದಲ್ಲಿ ಬಿಳಿ ಬಣ್ಣ ಹೊಡೆದ ಎರಡು ಕಬ್ಬಿಣದ ಗೋಲು ಬಂದಿದ್ದವು. ನಮಗೆ ಅಷ್ಟಕ್ಕೇ ಹಬ್ಬ.

ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಒಂದು ಪಂದ್ಯ ಆಡಿ ಐದು ಗೋಲು ಹೊಡೆಸಿಕೊಂಡು ಬಂದೆವು. ಬಸ್ಸಿನಲ್ಲಿ ಗೋಲಿ ಹುಡುಗ ಅಂದ, "ಅಲ್ಲಿ ಗೋಲು ದೊಡ್ಡುದು ಕಣಣ್ಣ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾರನೇ ದಿನ ಅವನು ನಮ್ಮ ಮೈದಾನದಲ್ಲಿ ನಿಂತು ಕೈ ಎತ್ತಿದ. ಅಂಗೈ ಕಂಬಿಗೆ ತಾಗಿತು. ಅವನು ಐದಡಿ ಎಂಟಿಂಚು ಹುಡುಗ.

ಅಂಗಡಿಯಿಂದ ಟೇಪು ತಂದೆ. ಗೋಲು ಅಂದರೆ ಅಗಲ 24 ಅಡಿ, ಎತ್ತರ 8 ಅಡಿ ಇರಬೇಕು. ಮೀಟರ್ ಲೆಕ್ಕದಲ್ಲಿ 7.32 ಮತ್ತು 2.44. ನಮ್ಮದು ಅಗಲ 19 ಅಡಿ 8 ಇಂಚು, ಎತ್ತರ 7 ಅಡಿ. ಬೇರೆಯವರಿಗೆ ಇದು ಸುಮ್ನೆ ತಪ್ಪಳತೆ. ಪೈಪ್ ಮಾರುವವನಿಗೆ ಹಾಗಲ್ಲ. ಜಿ.ಐ. ಪೈಪ್ (ಸತುವಿನ ಲೇಪ ಇರುವ ಕಬ್ಬಿಣದ ಪೈಪ್) ಬರೋದೇ 6 ಮೀಟರ್ ಉದ್ದದಲ್ಲಿ, ಅಂದರೆ 19 ಅಡಿ 8 ಇಂಚು. ಒಂದು ಪೈಪನ್ನು ಹಾಗೇ ಮಲಗಿಸಿದ್ದಾರೆ. ಇನ್ನೊಂದನ್ನು ಎರಡು ತುಂಡು ಮಾಡಿ ನಿಲ್ಲಿಸಿದ್ದಾರೆ. ಜಾಯಿಂಟ್ ಇಲ್ಲ, ವೇಸ್ಟ್ ಹೆಚ್ಚೇನಿಲ್ಲ. ಫುಟ್‌ಬಾಲ್ ನಿಯಮದ ಪ್ರಕಾರ ಅಲ್ಲ, ಪೈಪಿನ ಪ್ರಕಾರ ಗೋಲು. ಒಂದು ಥರದಲ್ಲಿ ಆ ವೆಲ್ಡರ್‌ನ ಜಾಣತನ ಮೆಚ್ಚಬೇಕು.

ಬೇಲಿ ಮೂಲೆಯಲ್ಲಿ ಬಣ್ಣ ಕಾಣದ ಒಂದು ತುಂಡು ಬಿದ್ದಿತ್ತು. ಅದರ ಮೇಲೆ ಹಳದಿ ಪಟ್ಟಿ. ಪೈಪ್ ವ್ಯಾಪಾರದಲ್ಲಿ ಹಳದಿ ಅಂದರೆ ಎ ಕ್ಲಾಸ್, ತೆಳ್ಳಗಿನದು. ನೀಲಿ ಬಿ ಕ್ಲಾಸ್, ಕೆಂಪು ಸಿ ಕ್ಲಾಸ್. ಮೂರಿಂಚಿನ ಪೈಪಿನಲ್ಲಿ ಎ ಕ್ಲಾಸ್ ದಪ್ಪ 3.2 ಮಿಲಿಮೀಟರ್, ಬಿ ಕ್ಲಾಸ್ 4. ಆ ತುಂಡನ್ನು ಅಂಗಡಿಗೆ ತಂದು ಕೌಂಟರ್ ಕೆಳಗೆ ಇಟ್ಟೆ.

ಇಲ್ಲಿ ನಾನು ಮಾಡಿದ ಪೆದ್ದು ಕೆಲಸವನ್ನೂ ಹೇಳಬೇಕು. ಅವತ್ತು ರಾತ್ರಿ ಸಿಟ್ಟಿನಲ್ಲಿ ಊರಿನ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕಿ, ಇಂಥ ಗುತ್ತಿಗೆದಾರ ದುಡ್ಡು ತಿಂದಿದ್ದಾನೆ ಅಂತ ಬರೆದೆ. ಬೆಳಿಗ್ಗೆ ಶಟರ್ ಎತ್ತೋ ಹೊತ್ತಿಗೆ ಆತ ಬಂದು ನಿಂತಿದ್ದ. "ಅಣ್ಣ, ಆ ಕೆಲ್ಸುಕ್ಕೆ ನಾನು ಟೆಂಡರ್ರೇ ಹಾಕಿಲ್ಲ." ಹೌದು, ಬೇರೆಯವರ ಕೆಲಸ ಅದು. ಅದೇ ಗ್ರೂಪಿನಲ್ಲಿ ಕ್ಷಮೆ ಕೇಳಿದೆ. ಆತ ಕಾಫಿ ಕುಡಿದು ಹೋದ, ಆದರೆ ಆರು ತಿಂಗಳು ನನ್ನ ಅಂಗಡಿಯಿಂದ ಒಂದು ಮೊಳೆಯನ್ನೂ ಕೊಳ್ಳಲಿಲ್ಲ. ಕಾಗದ ಕೈಗೆ ಬರುವ ಮುಂಚೆ ಬಾಯಿ ಬಿಡಬಾರದು ಅಂತ ಅವತ್ತು ಕಲಿತೆ.

ಕಾಗದಕ್ಕೆ ದಾರಿ ಮಾಹಿತಿ ಹಕ್ಕು. 2005ರ ಕಾಯ್ದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮೂನೆ ಎ ಅರ್ಜಿ. ನನ್ನ ಮೊದಲ ಅರ್ಜಿ ಎರಡು ಪುಟ ಇತ್ತು, ಒಳಗೆ ಎಂಟು ಪ್ರಶ್ನೆ. "ನೀರಿನ ನಲ್ಲಿ ಯಾಕೆ ಹಾಕಿಲ್ಲ?", "ಗೋಲು ಯಾಕೆ ಚಿಕ್ಕದು?", "ಇದಕ್ಕೆ ಯಾರು ಹೊಣೆ?" ಹೀಗೆ. ಇಪ್ಪತ್ತೊಂಬತ್ತನೇ ದಿನ ಒಂದು ಸಾಲಿನ ಉತ್ತರದೊಂದಿಗೆ ವಾಪಸ್ ಬಂತು. ತಪ್ಪು ಅವರದ್ದಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಇನ್ನೊಂದು, ಕಡತದಲ್ಲಿ ಇರುವುದನ್ನು ಮಾತ್ರ ಕೇಳಬಹುದು. 'ಯಾಕೆ' ಅನ್ನೋದು ಕಡತದಲ್ಲಿ ಇರಲ್ಲ. ಅದು ತಲೆಯಲ್ಲಿ ಇರುತ್ತೆ.

ಎರಡನೇ ಅರ್ಜಿ ಇಷ್ಟೇ: "ಸದರಿ ಕ್ರೀಡಾಂಗಣದ ಅಭಿವೃದ್ಧಿ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಯಾದ ಬಿಲ್ಲುಗಳ ದೃಢೀಕೃತ ಪ್ರತಿ ಕೊಡಿ. ಕಡತ ಪರಿಶೀಲನೆಗೂ ಅವಕಾಶ ಕೊಡಿ." ಯಾಕೆ ಬೇಕು ಅಂತ ಬರೆಯಲಿಲ್ಲ. ಬರೆಯಬೇಕಾಗಿಯೂ ಇಲ್ಲ. ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದೆ. ಆಗ ಕಡತ ಸಿಕ್ಕಿತು. ಪ್ರತಿಗೆ ಪುಟಕ್ಕೆ ಎರಡು ರೂಪಾಯಿ ಕೊಡಬೇಕು, ಆದರೆ ಮೂವತ್ತು ದಿನ ದಾಟಿದರೆ ಪುಕ್ಕಟೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಗುಮಾಸ್ತರಿಗೆ ಆ ಕಲಂ ತೋರಿಸಿದಾಗ "ಎಲ್ಲ ಓದ್ಕೊಂಡೇ ಬಂದಿದ್ದೀರಲ್ಲ ಯಜಮಾನ್ರೆ" ಅಂದರು. ಬೈಗುಳವೋ ಹೊಗಳಿಕೆಯೋ ಗೊತ್ತಾಗಲಿಲ್ಲ.

ನಾನು ಕಾಯುತ್ತಿದ್ದದ್ದು ಅಳತೆ ಪುಸ್ತಕಕ್ಕೆ. ಕಚೇರಿಯಲ್ಲಿ ಎಂ.ಬಿ. ಅನ್ನುತ್ತಾರೆ. ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳೆದು ಇದರಲ್ಲಿ ಬರೆದ ಮೇಲೇ ಬಿಲ್ ಆಗುವುದು. ಅಂದಾಜು ಪಟ್ಟಿ ನೋಡಿ ಜಗಳ ಆಡಬೇಡಿ, ಅದು ಬರೀ ಆಸೆ. ಎಂ.ಬಿ. ನೋಡಿ. ಗೋಲಿನ ಸಾಲಿನಲ್ಲಿ 7.32 ಮೀಟರ್, 2.44 ಮೀಟರ್, ಬಿ ಕ್ಲಾಸ್ ಅಂತ ಚೆಂದದ ಅಕ್ಷರದಲ್ಲಿ ಇತ್ತು. ಒಂದೊಂದು ಕಾಲು ಅರವತ್ತು ಸೆಂಟಿಮೀಟರ್ ಹೂತಿದೆ ಅಂತ ಇಟ್ಟುಕೊಂಡರೆ ಎರಡು ಗೋಲಿಗೆ ಸುಮಾರು 27 ಮೀಟರ್ ಪೈಪ್ ಬೇಕು. ಹಾಕಿದ್ದು 24. ಉಳಿಸಿದ್ದು ಮೂರು ಮೀಟರ್. ನಿಜ ಹೇಳಬೇಕೆಂದರೆ ನನಗೆ ನಿರಾಸೆಯಾಯಿತು. ಇಷ್ಟಕ್ಕಾ ಇಷ್ಟು ಓಡಾಡಿದ್ದು?

ಪುಟ ತಿರುಗಿಸಿದೆ. ಮುಂದಿನ ಸಾಲು ಗ್ರಾವೆಲ್ ಮಣ್ಣು. ಉದ್ದ 100 ಮೀಟರ್, ಅಗಲ 60 ಮೀಟರ್, ದಪ್ಪ 0.15 ಮೀಟರ್. ಗುಣಿಸಿದರೆ 900 ಘನ ಮೀಟರ್. ಆರು ಘನ ಮೀಟರ್ ಹಿಡಿಯುವ ಟಿಪ್ಪರ್ ಅಂದರೆ 150 ಲೋಡು. ಮೈದಾನದ ಎದುರು ಟೀ ಅಂಗಡಿ ಇಟ್ಟಿರುವ ಅಕ್ಕನನ್ನು ಕೇಳಿದೆ. ಟಿಪ್ಪರ್ ಡ್ರೈವರ್‌ಗಳೆಲ್ಲ ಅಲ್ಲೇ ಟೀ ಕುಡಿದಿದ್ದು. "ಒಂದಿಪ್ಪತ್ತು ಲೋಡು ಬಂದಿರ್ಬೌದು ಕಣಣ್ಣ. ನೂರೈವತ್ತು ಬಂದಿದ್ರೆ ನಾನು ಮನೆ ಮೇಲೆ ಮನೆ ಕಟ್ಟಿರ್ತಿದ್ದೆ." ಭಾನುವಾರ ಹುಡುಗರು ಹಾರೆ ಹಿಡಿದು ಐದು ಕಡೆ ಅಗೆದರು. ಪ್ರತಿ ಗುಂಡಿಗೂ ಸ್ಕೇಲ್ ಇಟ್ಟು ಫೋಟೊ ತೆಗೆದೆವು. ಎಲ್ಲೂ ಎರಡು ಇಂಚು ದಾಟಲಿಲ್ಲ. ಇರಬೇಕಾದ್ದು ಆರು ಇಂಚು.

ಕಮಾನಿನ ಲೆಕ್ಕ ಮಾತ್ರ ಸರಿಯಾಗೇ ಇತ್ತು. ಬರೆದಷ್ಟೇ ಗ್ರಾನೈಟ್, ಬರೆದಷ್ಟೇ ಕಂಬಿ. ಆದರೆ ಪೂರ್ತಿ ಕಾಮಗಾರಿಯ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಗಿತ್ತು. ಮಣ್ಣು ಕದ್ದರೆ ಕೇಳೋಕೆ ಎಂ.ಬಿ. ಇದೆ. ಬೇಡದ ಕಮಾನನ್ನು ಸರಿಯಾದ ಅಳತೆಯಲ್ಲಿ ಕಟ್ಟಿದರೆ ಯಾವ ಪುಸ್ತಕ ತೆಗೆದು ಕೇಳುವುದು? ನನ್ನ ತಲೆಗೆ ಜಾಸ್ತಿ ಹುಳ ಬಿಟ್ಟಿದ್ದು ಇದೇ.

ಇಷ್ಟು ಹೊತ್ತಿಗೆ ಟೀಮಿನೊಳಗೇ ಜಗಳ. ನಮ್ಮ ಜೆರ್ಸಿ ಕೊಡಿಸಿದ್ದು ವಾರ್ಡಿನ ಮೆಂಬರ್ರು. ಬೆನ್ನ ಮೇಲೆ ನಂಬರಿಗಿಂತ ಅವರ ಹೆಸರೇ ದಪ್ಪ. "ಅವರುನ್ನೇ ಎದುರಾಕ್ಕೊಂಡ್ರೆ ನಾಳೆ ಬಾಲ್ ಯಾರ್ ಕೊಡ್ಸಾರು?" ಅಂತ ಕ್ಯಾಪ್ಟನ್ ಕೇಳಿದ. ನ್ಯಾಯವಾದ ಪ್ರಶ್ನೆಯೇ. ನಾನು ಸಾಯಂಕಾಲ ಅಂಗಡಿ ಮುಚ್ಚಿ ಮನೆಗೆ ಹೋಗುವವನು, ಬೂಟು ಹರಿದರೆ ಹರಿಯುವುದು ಅವರದ್ದು. ಮೂರು ಸಂಜೆ ಮಾತಾಡಿದೆವು. ಕೊನೆಗೆ ಇಷ್ಟು ಒಪ್ಪಿಗೆಯಾಯಿತು: ಯಾರನ್ನೂ ಕಳ್ಳ ಅನ್ನುವುದಿಲ್ಲ, ಅಳತೆ ಮಾತ್ರ ಓದುತ್ತೇವೆ. ಜೆರ್ಸಿ ಮುಂದಿನ ಸಲ ಚಂದಾ ಎತ್ತಿ ನಾವೇ ಮಾಡಿಸುತ್ತೇವೆ.

ಚಂದಾ ಅಂದ ಮೇಲೆ ನಮ್ಮ ಲೆಕ್ಕವೂ ಹೊರಗೆ ಬರಬೇಕಲ್ವಾ? ನೂರು ಪುಟದ ನೋಟ್‌ಬುಕ್ ಒಂದನ್ನು ಟೀ ಅಂಗಡಿಯಲ್ಲಿ ದಾರ ಕಟ್ಟಿ ನೇತು ಹಾಕಿದೆವು. ಯಾರು ಬೇಕಾದರೂ ತೆಗೆದು ನೋಡಬಹುದು. ಮೊದಲ ತಿಂಗಳೇ 340 ರೂಪಾಯಿ ತಾಳೆಯಾಗಲಿಲ್ಲ. ಬರೆಯುತ್ತಿದ್ದವನು ನಾನೇ. ಗೋಲಿ ಹುಡುಗ ಎಲ್ಲರ ಮುಂದೆ ಕೇಳಿದ, "ಅಣ್ಣ, ಎಂ.ಬಿ. ತೋರ್ಸು." ಬಾಲಿಗೆ ಗಾಳಿ ಹಾಕುವ ಪಂಪು ತಂದಿದ್ದು ಬರೆಯಲು ಮರೆತಿದ್ದೆ. ರಸೀದಿ ಹುಡುಕುವಷ್ಟರಲ್ಲಿ ಬೆವರು ಇಳಿಯಿತು. ಪುರಸಭೆ ಗುಮಾಸ್ತರ ಮುಖ ನೆನಪಾಯಿತು.

ಜನವರಿಯಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆದರು. ನಮ್ಮ ಕಡೆ ಈ ಸಭೆಗೆ ಜನ ಹೋಗುವುದೇ ಕಮ್ಮಿ. ಹೋದವರೂ ಬೀದಿ ದೀಪ, ಚರಂಡಿ ಅಂತ ಹೇಳಿ ಟೀ ಕುಡಿದು ಬರುತ್ತಾರೆ. ನಾವು ಹದಿನಾಲ್ಕು ಜನ ಹೋದೆವು, ಅದೇ ಜೆರ್ಸಿ ಹಾಕಿಕೊಂಡು. ಬೆನ್ನ ಮೇಲೆ ಮೆಂಬರ್ ಹೆಸರು, ಕೈಯಲ್ಲಿ ಎಂ.ಬಿ. ಪ್ರತಿ. ಮಾತಾಡಿದ್ದು ನಾನಲ್ಲ, ಪೋಸ್ಟ್‌ಮ್ಯಾನ್ ಹುಡುಗ. ಅವನಿಗೆ ಎಲ್ಲರ ಮನೆಯೂ ಗೊತ್ತು, ಎಲ್ಲರಿಗೂ ಅವನು ಗೊತ್ತು. ಪುಸ್ತಕದ ಅಳತೆ ಓದಿದ, ಟೇಪಿನ ಅಳತೆ ಓದಿದ, ಗುಂಡಿಯ ಫೋಟೊ ಮೇಜಿನ ಮೇಲೆ ಇಟ್ಟ. ಆಮೇಲೆ, "ನೀರಿನ ನಲ್ಲಿ ಒಂದಕ್ಕೆ ಎಷ್ಟಾಗುತ್ತೆ ಸಾರ್?" ಅಂತ ಕೇಳಿ ಕೂತ. ನಾನು ಆ ಹಳದಿ ಪಟ್ಟಿಯ ಪೈಪ್ ತುಂಡನ್ನು ಚೀಲದಲ್ಲಿ ತಂದಿದ್ದೆ. ಹೊರಗೆ ತೆಗೆಯುವ ಪ್ರಸಂಗ ಬರಲೇ ಇಲ್ಲ. ಮೆಂಬರ್ರೇ ಎದ್ದು "ನಮ್ಮ ಹುಡುಗ್ರು ಕೇಳ್ತಿರೋದು ಸರಿಯಾಗಿದೆ" ಅಂದುಬಿಟ್ಟರು. ಹೆಸರು ಹದಿನಾಲ್ಕು ಬೆನ್ನ ಮೇಲೆ ಇರುವಾಗ ಪಾಪ ಇನ್ನೇನು ಅಂದಾರು.

ಅದೃಷ್ಟಕ್ಕೆ ಟೆಂಡರ್ ಷರತ್ತಿನಲ್ಲಿ ಎರಡು ವರ್ಷದ ದೋಷ ಬಾಧ್ಯತಾ ಅವಧಿ ಇತ್ತು. ಅಂದರೆ ಆ ಎರಡು ವರ್ಷದೊಳಗೆ ಕೆಲಸದಲ್ಲಿ ಕಂಡ ದೋಷವನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿ ಮಾಡಬೇಕು. ಮುಗಿಯಲು ನಾಲ್ಕು ತಿಂಗಳು ಬಾಕಿ ಇತ್ತು. ದಿನಾಂಕ ಹಾಕಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ಮಾರ್ಚ್‌ನಲ್ಲಿ ಮಣ್ಣಿನ ಟಿಪ್ಪರ್ ಬರತೊಡಗಿದವು. ಟೀ ಅಂಗಡಿ ಅಕ್ಕ ಈ ಸಲ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಎಣಿಸಿದಳು. ಎಪ್ಪತ್ತಮೂರು ಗೆರೆಗೆ ನಿಂತಿತು. ಉಳಿದದ್ದಕ್ಕೆ ಎರಡನೇ ದೂರು ಕೊಟ್ಟಿದ್ದೇವೆ. ನಲ್ಲಿ ಬಂದಿದೆ, ಸಂತೆ ದಿನ ಮಾತ್ರ ನೀರು ಬರಲ್ಲ. ಕಮಾನು ಹಾಗೇ ಇದೆ. ಅದರ ನೆರಳಿನಲ್ಲಿ ಈಗ ಒಬ್ಬರು ಕಬ್ಬಿನ ಹಾಲು ಮಾರುತ್ತಾರೆ.

ಗೋಲು ಒಂದು ಕಡೆಯದ್ದು ಬದಲಾಯಿತು. 24 ಅಡಿ, 8 ಅಡಿ, ಟೇಪು ಹಿಡಿದು ನೋಡಿದೆ, ನೀಲಿ ಪಟ್ಟಿ ಪೈಪೇ. ಇನ್ನೊಂದು ಕಡೆಯದ್ದಕ್ಕೆ ಪೈಪ್ ಬಂದಿಲ್ಲ, "ಮುಂದಿನ ವಾರ" ಅಂತ ನಾಲ್ಕು ತಿಂಗಳಿಂದ ಹೇಳುತ್ತಿದ್ದಾರೆ. ನನ್ನ ಅಂಗಡಿಯಲ್ಲೇ ಪೈಪ್ ಇದೆ, ಕೊಟ್ಟುಬಿಡಬಹುದು. ಹುಡುಗರೂ ಕೇಳಿದರು. ಕೊಡಲ್ಲ ಅಂದೆ. ಕೊಟ್ಟರೆ ಕಡತ ಅವತ್ತೇ ಮುಚ್ಚುತ್ತೆ.

ಹಾಗಾಗಿ ಸದ್ಯಕ್ಕೆ ನಮ್ಮ ಮೈದಾನದಲ್ಲಿ ಒಂದು ದೊಡ್ಡ ಗೋಲು, ಒಂದು ಚಿಕ್ಕ ಗೋಲು. ಹೊರಗಿನಿಂದ ಬಂದ ಟೀಮಿಗೆ ಮೊದಲೇ ಹೇಳಿಬಿಡುತ್ತೇವೆ. ಟಾಸ್ ಗೆದ್ದವರು ಚಿಕ್ಕ ಗೋಲಿನ ಕಡೆ ಓಡುತ್ತಾರೆ. ನಮ್ಮ ಗೋಲಿ ಹುಡುಗ ಮಾತ್ರ ದೊಡ್ಡದೇ ಇರಲಿ ಅನ್ನುತ್ತಾನೆ. ಮುಂದಿನ ತಿಂಗಳು ಮತ್ತೆ ಮಂಡ್ಯದಲ್ಲಿ ಮ್ಯಾಚ್ ಇದೆ.