ಲಕ್ಷ್ಮಿಯ ಮ ಒತ್ತು

ಗದಗಿನಲ್ಲಿ ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಕಲಿತಿದ್ದು ಕನ್ನಡ ಟೈಪಿಗೆ ನುಡಿ, ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್ ಇದ್ದ ಕಾಲದಲ್ಲಿ. ನಮ್ಮ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಅಚ್ಚಿನ ಮೊಳೆ ಜೋಡಿಸಿದ್ದ ಒಬ್ಬ ಕಾಕಾ ಇದ್ದರು. ಕಂಪ್ಯೂಟರ್ ಬಂದ ಮೇಲೆ ಅವರಿಗೆ ಉಳಿದದ್ದು ಪ್ರೂಫ್ ನೋಡುವ ಕೆಲಸ. ಪುಟ ಕೊಟ್ಟರೆ ಓದುವ ಮೊದಲು ತಲೆಕೆಳಗು ಹಿಡಿದು ನೋಡುತ್ತಿದ್ದರು. ಅರ್ಥ ಅಡ್ಡ ಬರಬಾರದು, ಬರೀ ಅಕ್ಷರ ಮತ್ತು ಜಾಗ ಕಾಣಬೇಕು ಅಂತ. "ತಮ್ಮಾ, ಒತ್ತಿಗೆ ಕಾಲು ಚಾಚಾಕ ಜಾಗ ಬಿಡು" ಎನ್ನುತ್ತಿದ್ದರು.

ಪೇಜ್‌ಮೇಕರ್ ತಾನಾಗಿ ಕೊಡುತ್ತಿದ್ದ ಸಾಲಿನ ಅಂತರ ಅಕ್ಷರದ ಅಳತೆಯ ಶೇ. 120. ಅಂದರೆ 12 ಪಾಯಿಂಟಿಗೆ 14.4. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಹಾಗಾಗಿ ಪ್ರತಿ ಸಲ ನಾನೇ 17 ಅಥವಾ 18 ಹಾಕುತ್ತಿದ್ದೆ. ಹಾಕುವಾಗ ಪುಟವನ್ನು ನೋಡಲೇಬೇಕಿತ್ತು.

ಆಮೇಲೆ ರೆಡಿಮೇಡ್ ವಿನ್ಯಾಸ ಕೊಡುವ ತಂತ್ರಾಂಶ ಹಿಡಿದೆ. ಅರ್ಧ ದಿನ ತಿನ್ನುತ್ತಿದ್ದ ಲಗ್ನಪತ್ರಿಕೆ 20 ನಿಮಿಷಕ್ಕೆ ಮುಗಿಯತೊಡಗಿತು. ಬಣ್ಣ ಚೆನ್ನ, ಹೂವಿನ ಅಂಚು ಚೆನ್ನ, ಗಿರಾಕಿಗಳಿಗೂ ಖುಷಿ.

ಒಂದು ಪತ್ರಿಕೆಯಲ್ಲಿ ವಧುವಿನ ಹೆಸರು ಲಕ್ಷ್ಮಿ. ಮಾದರಿಯಲ್ಲಿ ಅಲ್ಲೊಂದು ಇಂಗ್ಲಿಷ್ ಹೆಸರಿತ್ತು, ಅದರ ಕಾಲಿಗೇ ಅಂಟಿದ ಹಾಗೆ ಚಿನ್ನದ ಬಣ್ಣದ ಪಟ್ಟಿ. ನಾನು ಕನ್ನಡ ಹೆಸರು ಅಂಟಿಸಿ, ಒಮ್ಮೆ ಕಣ್ಣಾಡಿಸಿ, 500 ಪ್ರತಿ ತೆಗೆಸಿಬಿಟ್ಟೆ. ಸಂಜೆ ಹುಡುಗಿಯ ತಂದೆ ಬಂದರು. ಜಗಳ ಮಾಡಲಿಲ್ಲ. ಹೆಸರಿನ ಮೇಲೆ ಬೆರಳಿಟ್ಟು, "ಅಣ್ಣಾರ, ನಮ್ಮ ಹುಡುಗಿ 'ಲಕ್ಷಿ' ಆಗ್ಯಾಳಲ್ರೀ" ಎಂದರು. ಷ ಒತ್ತಿನ ಕೆಳಗಿದ್ದ ಮ ಒತ್ತು ಪೂರ್ತಿ ಪಟ್ಟಿಯ ಅಡಿಗೆ ಹೋಗಿತ್ತು. ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಸುಲಭದ ತಂತ್ರಾಂಶದಿಂದಲೇ ಕೆಲಸ ಕೆಡುತ್ತದೆ ಅಂತ ನಮ್ಮಲ್ಲಿ ತುಂಬಾ ಜನ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಕಷ್ಟದ ಕಾಲದಲ್ಲೂ ಕೆಟ್ಟ ಕೆಲಸ ಬೇಕಾದಷ್ಟು ಆಗಿದೆ. ಪೇಜ್‌ಮೇಕರಿಗೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತ, ಗೊತ್ತೇ ಇರಲಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಆ ನುಡಿ ಫಾಂಟ್ ಇಲ್ಲದಿದ್ದರೆ ಇಡೀ ಪುಸ್ತಕ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತಿತ್ತು. ನನ್ನಲ್ಲಿ ಆದ ಬದಲಾವಣೆ ಬೇರೆ. ಮೊದಲು ಪುಟ ಮುಗಿಯುವಷ್ಟರಲ್ಲಿ ನಾನದನ್ನು ಹತ್ತಾರು ಸಲ ನೋಡಿರುತ್ತಿದ್ದೆ. ಈಗ ಪುಟ ಮುಗಿದ ಹಾಗೆಯೇ ಶುರುವಾಗುತ್ತದೆ. ನೋಡುವ ಕೆಲಸ ಯಾವಾಗ ಬಿಟ್ಟುಹೋಯಿತು ಅಂತ ನನಗೇ ತಿಳಿಯಲಿಲ್ಲ.

ಅದೇ ತಂತ್ರಾಂಶ ಈಗಲೂ ಬಳಸುತ್ತೇನೆ. ಆದರೆ ಯಾವ ವಿನ್ಯಾಸ ಆರಿಸಿದರೂ ಮೊದಲು ಅದರಲ್ಲಿ 'ಲಕ್ಷ್ಮಿ', 'ಸ್ತ್ರೀ', 'ರಾಷ್ಟ್ರ' ಎಂದು ಒಂದರ ಕೆಳಗೊಂದು ಟೈಪ್ ಮಾಡುತ್ತೇನೆ. ಒಂದಕ್ಕೊಂದು ತಾಗದಷ್ಟು ಅಂತರ ಕೊಟ್ಟ ಮೇಲೇ ನಿಜವಾದ ಹೆಸರುಗಳನ್ನು ಹಾಕುವುದು. ಅಕ್ಷರಗಳ ನಡುವೆ ವಿನ್ಯಾಸ ಹೆಚ್ಚಾಗಿ ಸೇರಿಸಿದ ಅಂತರವಿದ್ದರೆ ಅದನ್ನು ಸೊನ್ನೆಗೆ ತರುತ್ತೇನೆ. ಕೊನೆಗೆ ನಿಜವಾದ ಅಳತೆಯಲ್ಲೇ ಒಂದು ಪ್ರತಿ ತೆಗೆದು, ಕಾಕಾ ಮಾಡುತ್ತಿದ್ದ ಹಾಗೆ ತಲೆಕೆಳಗು ಹಿಡಿದು ನೋಡುತ್ತೇನೆ. ಇದಕ್ಕೆಲ್ಲ 15 ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಅರ್ಧ ದಿನ ಉಳಿದಿದೆ ಅಲ್ವಾ?

ಹೋದ ವರ್ಷ ಒಬ್ಬ ಟೀಚರ್ ಶಾಲೆಯ ವಾರ್ಷಿಕೋತ್ಸವದ ಕಾರ್ಡನ್ನು ಫೋನಿನಲ್ಲೇ ಮಾಡಿಕೊಂಡು ಬಂದರು. ಬಣ್ಣದ ಆಯ್ಕೆ ನನಗಿಂತ ಚೆನ್ನಾಗಿತ್ತು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸಾಲುಗಳು ಮಾತ್ರ ಒತ್ತೊತ್ತಾಗಿದ್ದವು. ವಿನಯ್‌ಕುಮಾರ್ ಎಂಬ ಅತಿಥಿಯ ಹೆಸರಿನಲ್ಲಿ ಯ ಕೆಳಗೆ ಕ ಒತ್ತು ಕೂತು 'ವಿನಯ್ಕುಮಾರ್' ಆಗಿತ್ತು. ಸುಮ್ನೆ ತಿದ್ದಿ ಕಳಿಸಬಹುದಿತ್ತು. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಎರಡನ್ನೂ ತೋರಿಸಿದೆ.

ಈ ವರ್ಷ ಅವರು ತಂದ ಕಾರ್ಡಿನಲ್ಲಿ ನಾನು ಕೈ ಹಾಕುವಂಥದ್ದು ಏನೂ ಇರಲಿಲ್ಲ.