ಅಡಿಕೆ ಸುಲಿಯುವ ಚಪ್ಪರದಲ್ಲಿ ತಿದ್ದಿದ ಕಾದಂಬರಿ

ನನ್ನ ಸಸ್ಪೆನ್ಸ್ ಕಾದಂಬರಿಯ ಎರಡನೇ ಮುದ್ರಣ ನಾಲ್ಕೇ ತಿಂಗಳಲ್ಲಿ ಖಾಲಿಯಾಯಿತು. ಸೋತ ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸುತ್ತೇನೆ ಅಂದಾಗ ಸಾಗರದ ಗೆಳೆಯರು ಒಬ್ಬರೂ ಒಪ್ಪಿರಲಿಲ್ಲ. "ಹೊಸದು ಬರಿ ಮಾರಾಯ, ಅದರ ಸಹವಾಸ ಬಿಡು" ಅಂದಿದ್ದರು.

ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ಮೊದಲ ಸಲ 500 ಪ್ರತಿ, 212 ಪುಟ, ಸುಮಾರು 52 ಸಾವಿರ ಖರ್ಚು. ಹೋದದ್ದು 140. ಉಳಿದದ್ದು ಅಟ್ಟದಲ್ಲಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಎರಡು ಕಟ್ಟು ಬೂಸ್ಟು ಹಿಡಿದು ಅಂಟಿಕೊಂಡಿದ್ದವು.

ಕತೆ ಇಷ್ಟು. ಹೆಗ್ಗೋಡಿನ ನೀನಾಸಂ ನಾಟಕ ಶಾಲೆಯಲ್ಲಿ ಕಲಿತು, ಅದರ ತಿರುಗಾಟ ತಂಡದಲ್ಲಿ ಊರೂರು ಸುತ್ತಿದ ನಟಿ. ಸೀರಿಯಲ್‌ನಲ್ಲಿ ಪಾತ್ರ ಸಿಗುವುದಿಲ್ಲ. ದುಬೈನಲ್ಲಿ ಸ್ಟೇಜ್ ಶೋ ಇದೆ ಅಂತ ಏಜೆಂಟ್ ನಂಬಿಸುತ್ತಾನೆ. ಹೋದವಳು ಕಾಣೆಯಾಗುತ್ತಾಳೆ. ನಲವತ್ತನೇ ಪುಟಕ್ಕೆ ಬರುವಾಗಲೇ ಕಳ್ಳ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ಆಮೇಲೆ ಬರೀ ದುಬೈನ ಕಟ್ಟಡಗಳ ವರ್ಣನೆ. ನಾನು ದುಬೈ ನೋಡಿದವನಲ್ಲ.

ತಿದ್ದಲು ಮೊದಲು ಗೆಳೆಯರಿಗೆ ಕೊಟ್ಟೆ. ಅಧ್ಯಾಯಗಳನ್ನು ಓದಿ, ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ನೆಂಟರಿಗೂ ಕಳಿಸಿದೆ. ಎಲ್ಲರದ್ದೂ ಒಂದೇ ಮಾತು, ಚೆನ್ನಾಗಿದೆ. ಅದರಿಂದ ಏನೂ ಸಿಗಲಿಲ್ಲ. ಇಡೀ ಕತೆಯನ್ನು 'ನಾನು' ಅಂತ ನಟಿಯ ಬಾಯಲ್ಲೇ ಹೇಳಿಸಿ ನೋಡಿದೆ. ಅರವತ್ತು ಪುಟ ಬರೆದು ಬಿಟ್ಟೆ. ಹೇಳುವವಳು ಬದುಕಿದ್ದಾಳೆ ಅಂತ ಮೊದಲ ಸಾಲಿಗೇ ತಿಳಿದುಬಿಡುತ್ತದೆ, ಅಲ್ವಾ?

ಆ ಡಿಸೆಂಬರ್‌ನಲ್ಲಿ ಮನೆಯಲ್ಲಿ ಅಡಿಕೆ ಕೊಯ್ಲು. ರಾತ್ರಿ ಸುಲಿಯಲು ಹೆಂಗಸರು ಹತ್ತು ಹನ್ನೆರಡು ಜನ ಬರುತ್ತಿದ್ದರು. ಲೈಟಿನ ಕೆಳಗೆ ಕೂತು ದಿನಾ ಒಂದು ಅಧ್ಯಾಯ ಓದಿದೆ. ಹದಿನೆಂಟು ರಾತ್ರಿ. ಸುಲಿದದ್ದಕ್ಕೆ ಕೂಲಿ ಡಬ್ಬದ ಲೆಕ್ಕದಲ್ಲಿ, ಹಾಗಾಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮೇಲೆ ಕೈ ನಿಲ್ಲುವುದಿಲ್ಲ. ನಾನು ನೋಡುತ್ತಿದ್ದದ್ದು ಕವಳದ, ಅಂದರೆ ಎಲೆ ಅಡಿಕೆಯ ಚೀಲವನ್ನು. ಕತೆ ಹಿಡಿದಿದ್ದರೆ ಚೀಲ ಸೊಂಟದಲ್ಲೇ ಇರುತ್ತದೆ. ಸಡಿಲವಾದ ಕೂಡಲೇ ಒಬ್ಬರು ಎಲೆಗೆ ಸುಣ್ಣ ಹಚ್ಚಲು ಶುರು ಮಾಡುತ್ತಾರೆ, ಪಕ್ಕದವರು ಕೈ ಚಾಚುತ್ತಾರೆ. ಆ ಸಾಲಿಗೆ ಪೆನ್ಸಿಲ್ ಗುರುತು ಹಾಕುತ್ತಿದ್ದೆ. ಗುರುತು ಬಿದ್ದ ಕಡೆಯೆಲ್ಲ ಕತ್ತರಿಸಿದೆ. ಮೂವತ್ತಾರು ಪುಟ ಹೋಯಿತು.

ಮೂರನೇ ರಾತ್ರಿಯೇ ಒಬ್ಬರು ಕೇಳಿದರು, "ಆ ಏಜೆಂಟನೇ ಕಳ್ಳ ಅಲ್ವಾ ಅಣ್ಣಯ್ಯ? ಮತ್ತೆ ಇಷ್ಟುದ್ದ ಯಾಕೆ?" ಆಗ ವಿದೇಶಕ್ಕೆ ಕಳಿಸುವವರ ನಿಯಮ ಹುಡುಕಿ ಓದಿದೆ. 1983ರ ವಲಸೆ ಕಾಯ್ದೆ ಪ್ರಕಾರ ಏಜೆಂಟ್ ನೋಂದಣಿ ಮಾಡಿಸಿರಬೇಕು. ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರುವಂತಿಲ್ಲ. ನನ್ನ ಏಜೆಂಟ್ ಮೊದಲು ಎರಡು ಲಕ್ಷ ಕೇಳುತ್ತಿದ್ದ, ಅಲ್ಲೇ ಸಿಕ್ಕಿಬೀಳುತ್ತಿದ್ದ. ಈಗ ಸರಿಯಾದ ದುಡ್ಡನ್ನೇ ಕೇಳುತ್ತಾನೆ, ರಸೀದಿಯನ್ನೂ ಕೊಡುತ್ತಾನೆ. ಅನುಮಾನ ಬೇರೆ ಕಡೆ ತಿರುಗಿತು.

ದೊಡ್ಡ ಲಾಭ ಹನ್ನೊಂದನೇ ರಾತ್ರಿ ಆಯಿತು. ನಟಿ ಅಮ್ಮನಿಗೆ ಫೋನ್ ಮಾಡುತ್ತಾಳೆ, ಇಲ್ಲಿ ಅಮ್ಮನ ಮನೆಯ ಗೋಡೆ ಗಡಿಯಾರ ಹತ್ತು ಹೊಡೆಯುತ್ತದೆ, ಅವಳು "ನಂಗೂ ಹತ್ತಾಯ್ತಮ್ಮ, ಮಲಗ್ತೀನಿ" ಅನ್ನುತ್ತಾಳೆ. ಮೂಲೆಯಲ್ಲಿದ್ದ ಅಕ್ಕ ತಲೆ ಎತ್ತಿದರು. ಅವರ ತಮ್ಮ ದುಬೈಯಲ್ಲಿದ್ದಾನೆ. "ಅಲ್ಲಿ ಒಂದೂವರೆ ಗಂಟೆ ಹಿಂದೆ. ಎಂಟೂವರೆ ಆಗಬೇಕು. ಹಂಗಾದ್ರೆ ಇವ್ಳು ದುಬೈಗೆ ಹೋಗೇ ಇಲ್ವಾ?"

ಅದು ನನ್ನ ತಪ್ಪು. ಆದರೆ ಚಪ್ಪರದಲ್ಲಿ ಒಂದು ಕ್ಷಣ ಕತ್ತಿಗಳೂ ನಿಂತವು. ಹದಿನೆಂಟು ರಾತ್ರಿಯಲ್ಲಿ ಹಾಗೆ ಆದದ್ದು ಅದೊಂದೇ ಸಲ. ಆ ಸಾಲನ್ನು ಹಾಗೇ ಉಳಿಸಿ, ಅರ್ಧ ಕಾದಂಬರಿ ಅದರ ಮೇಲೆ ಹೊಸದಾಗಿ ಕಟ್ಟಿದೆ. ಅಮ್ಮನಿಗೆ ಅದು ಯಾವಾಗ ಹೊಳೆಯುತ್ತದೆ, ಹೊಳೆಯುವವರೆಗೆ ಓದುಗರ ಗಮನ ಎಲ್ಲಿ ಹಿಡಿದಿಟ್ಟೆ ಅನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ. ಮುಂದಿನ ಕಾದಂಬರಿಗೂ ಅದು ಬೇಕು.

ಎರಡನೇ ಸಲ 300 ಪ್ರತಿ, 176 ಪುಟ, ಬೆಲೆ 220. ಖರ್ಚು 38 ಸಾವಿರದ ಹತ್ತಿರ. ರಾತ್ರಿಯ ಚಹಾ, ಮಂಡಕ್ಕಿಗೆ ಇನ್ನೊಂದು ಮೂರು ಸಾವಿರ. ಅಂಗಡಿಯವರ ಕಮಿಷನ್ ಕಳೆದು ಹನ್ನೆರಡು ಸಾವಿರದಷ್ಟು ಉಳಿಯಿತು. ಮೊದಲ ಸಲದ ನಷ್ಟ ಇನ್ನೂ ತುಂಬಿಲ್ಲ. ಮತ್ತೆ 300 ಪ್ರತಿ ಅಚ್ಚಿಗೆ ಹೋಗಿದೆ. ಇದರಲ್ಲಿ ಮೊದಲ ಪುಟದಲ್ಲೇ ಆ ಹನ್ನೆರಡು ಹೆಂಗಸರ ಹೆಸರು ಹಾಕಿಸಿದ್ದೇನೆ, ಮೂಲೆಯ ಅಕ್ಕನದ್ದು ಎಲ್ಲಕ್ಕಿಂತ ಮೇಲೆ.