ಐ ಗೋ, ಶಿ ಗೋಸ್: ನಮ್ಮ ಚಾವಡಿಯ ಪಾಠ

ಸಂಜೆ ನಮ್ಮ ಚಾವಡಿಯಲ್ಲಿ ಏಳೆಂಟು ಮಕ್ಕಳು ಕೂರುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತಲಿನವರು, ಎಲ್ಲರೂ ಕನ್ನಡ ಮೀಡಿಯಂ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ, ಬಸ್ಸಿನಲ್ಲಿ ಮಲಯಾಳ. ಇಷ್ಟು ಭಾಷೆ ಬರುವ ಮಕ್ಕಳಿಗೆ ಇಂಗ್ಲಿಷ್ ಮಾತ್ರ ಕಷ್ಟ ಅಂದರೆ ನಾನು ಒಪ್ಪುವುದಿಲ್ಲ. ಬಾಯಲ್ಲಿರುವ ಭಾಷೆಗಳನ್ನೇ ಇಟ್ಟುಕೊಂಡು ಕಲಿಸಬಹುದು.

ಮೊದಲು ಇದನ್ನು ಬರೆಸುತ್ತೇನೆ: ನಾನು ಹೋಗುತ್ತೇನೆ, ನೀನು ಹೋಗುತ್ತೀಯ, ಅವಳು ಹೋಗುತ್ತಾಳೆ. ಆಳು ಬದಲಾದ ಹಾಗೆ ಪದದ ಬಾಲವೂ ಬದಲಾಯಿತು. ಪಕ್ಕದಲ್ಲಿ ಮಲಯಾಳ: ಞಾನ್ ಪೋಗುನ್ನು, ನೀ ಪೋಗುನ್ನು, ಅವಳ್ ಪೋಗುನ್ನು. ಏನೂ ಬದಲಾಗಲಿಲ್ಲ, ಅಲ್ವಾ? ಇಂಗ್ಲಿಷ್ ಇವೆರಡರ ನಡುವೆ ನಿಂತಿದೆ. ಐ ಗೋ, ಯು ಗೋ, ವಿ ಗೋ, ದೇ ಗೋ ಎಲ್ಲ ಮಲಯಾಳದ ಹಾಗೆ. ಹಿ, ಶಿ, ಇಟ್ ಅಥವಾ ಒಬ್ಬರ ಇಲ್ಲವೇ ಒಂದು ವಸ್ತುವಿನ ಹೆಸರು ಬಂದರೆ ಮಾತ್ರ ಬಾಲ: ಶಿ ಗೋಸ್. ಇಲ್ಲ ಅನ್ನುವಾಗ ಆ ಬಾಲ ಡಸ್‌ಗೆ ಹೋಗುತ್ತದೆ: ಶಿ ಡಸ್ ನಾಟ್ ಗೋ. ಎರಡೂ ಕಡೆ ಬಾಲ ಹಾಕಿ 'ಡಸ್ ನಾಟ್ ಗೋಸ್' ಅನ್ನಬಾರದು.

ಇನ್ನೊಂದು ತೊಡಕು ನಮ್ಮ 'ಹೋಗುತ್ತೇನೆ'ಯಲ್ಲೇ ಇದೆ. 'ದಿನಾ ಶಾಲೆಗೆ ಹೋಗುತ್ತೇನೆ', 'ನಾಳೆ ಕುಂಬಳೆಗೆ ಹೋಗುತ್ತೇನೆ.' ಕನ್ನಡಕ್ಕೆ ಎರಡಕ್ಕೂ ಒಂದೇ ಪದ ಸಾಕು. ಇಂಗ್ಲಿಷಿಗೆ ಸಾಲದು. ದಿನಾ ಆಗುವುದಕ್ಕೆ ಐ ಗೋ, ನಾಳೆಯದಕ್ಕೆ ಐ ವಿಲ್ ಗೋ. ಆದ್ದರಿಂದ ಪದ ನೋಡಿ ಅನುವಾದ ಮಾಡಬೇಡಿ. ಯಾವಾಗಿನ ಮಾತು ಅಂತ ಮೊದಲು ಕೇಳಿಕೊಳ್ಳಿ. ಯಾವತ್ತೂ ನಿಜವಾಗಿರುವ ಸಂಗತಿಗೂ ಈ ಮೊದಲನೆಯ ರೂಪವೇ: ದ ಚಂದ್ರಗಿರಿ ಫ್ಲೋಸ್ ಇನ್‌ಟು ದ ಅರೇಬಿಯನ್ ಸೀ.

ಈಗ ನಡೆಯುತ್ತಿರುವುದಕ್ಕೆ ಆಮ್, ಈಸ್, ಆರ್ ಜೊತೆ 'ಇಂಗ್' ಬೇಕು. 'ಐ ಆಮ್ ಗೋ' ತಪ್ಪು, 'ಐ ಗೋಯಿಂಗ್' ಕೂಡ ತಪ್ಪು. ಐ ಆಮ್ ಗೋಯಿಂಗ್.

ಆದರೆ ಎಲ್ಲದಕ್ಕೂ ಇಂಗ್ ಅಂಟಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್', 'ಐ ಆಮ್ ನೋಯಿಂಗ್ ಮಲಯಾಳಂ.' ಇದಕ್ಕೆ ಕನ್ನಡದಲ್ಲೇ ಒಂದು ಪರೀಕ್ಷೆ ಇದೆ. ಗೊತ್ತು, ಬೇಕು, ಇಷ್ಟ, ಇದ್ದಾರೆ: ಈ ಪದಗಳಿಗೆ 'ಉತ್ತಿದ್ದೇನೆ' ಸೇರಿಸಿ ನೋಡಿ. ಸೇರುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೂ ಇಂಗ್ ಬೇಡ. ಐ ಹ್ಯಾವ್ ಟೂ ಬ್ರದರ್ಸ್. ಐ ನೋ ಮಲಯಾಳಂ. 'ಊಟ ಮಾಡುತ್ತಿದ್ದೇನೆ' ಅಂತ ಹೇಳುತ್ತೇವೆ, ಹಾಗಾಗಿ 'ಐ ಆಮ್ ಹ್ಯಾವಿಂಗ್ ಲಂಚ್' ಸರಿ.

ಬಂದಿದೆ, ಮಾಡಿದ್ದೇನೆ ಅನ್ನುವುದಕ್ಕೆ ಹ್ಯಾಸ್, ಹ್ಯಾವ್: ದ ಬಸ್ ಹ್ಯಾಸ್ ಕಮ್. 'ನಿನ್ನೆ' ಅಂತ ಸೇರಿದರೆ ಇದನ್ನು ಬಿಟ್ಟು ಕೇಮ್ ಅನ್ನಿ.

ದೊಡ್ಡವರೂ ಎಡವುವುದು 'ಇಂದ' ಬಂದಾಗ. ಕಾಸರಗೋಡು 1956ರಿಂದ ಕೇರಳದಲ್ಲಿದೆ. ನಮ್ಮ 'ಇದೆ' ನೋಡಿ ಸುಮ್ನೆ 'ಈಸ್' ಅಂತ ಬರೆಯುತ್ತಾರೆ. ಅಂದು ಶುರುವಾಗಿ ಇಂದಿಗೂ ಮುಂದುವರಿದಿರುವುದರಿಂದ ಹೀಗೆ ಬರೆಯಬೇಕು: ಕಾಸರಗೋಡು ಹ್ಯಾಸ್ ಬೀನ್ ಇನ್ ಕೇರಳ ಸಿನ್ಸ್ 1956. ಶುರುವಾದ ಹೊತ್ತಿಗೆ ಸಿನ್ಸ್. ಎಷ್ಟು ಕಾಲ ಅನ್ನುವುದಕ್ಕೆ ಫಾರ್: ಫಾರ್ ಟೆನ್ ಇಯರ್ಸ್. 'ಸಿನ್ಸ್ ಟೆನ್ ಇಯರ್ಸ್' ಅನ್ನಬೇಡಿ.

ಮನೆಪಾಠಕ್ಕೆ ನಾನು ಕೊಡುವುದು ಮೂರೇ ವಾಕ್ಯ. ಮನೆಯಲ್ಲೋ ನೆರೆಮನೆಯಲ್ಲೋ ಒಬ್ಬರನ್ನು ನೋಡಿ ಬರೆಯಬೇಕು. ದಿನಾ ಏನು ಮಾಡುತ್ತಾರೆ, ಈಗ ಏನು ಮಾಡುತ್ತಿದ್ದಾರೆ, ಎಷ್ಟು ಹೊತ್ತಿನಿಂದ. ರಬ್ಬರ್ ತೋಟದ ಕೆಲಸ ಮಾಡುವ ಮಾವನ ಬಗ್ಗೆ ಹುಡುಗನೊಬ್ಬ ಬೆಳಿಗ್ಗೆ ಎದ್ದು ಬರೆದದ್ದು ಹೀಗಿತ್ತು: ಮೈ ಅಂಕಲ್ ಟ್ಯಾಪ್ಸ್ ರಬ್ಬರ್ ಟ್ರೀಸ್. ಹಿ ಈಸ್ ಟ್ಯಾಪಿಂಗ್ ನೌ. ಹಿ ಹ್ಯಾಸ್ ಬೀನ್ ಟ್ಯಾಪಿಂಗ್ ಸಿನ್ಸ್ ಫೈವ್ ಓ'ಕ್ಲಾಕ್.